ಅನುಭವ ಹಂಚಿಕೆ: ದಿಢೀರ್ ದುಡ್ಡಿನ ಕನಸು, ಮಕ್ಕಳ ಕಾಲೇಜಿನ ಖರ್ಚು

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ತಾಯಿಯೊಬ್ಬರಿಂದ):

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಮಗೆ ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಹಿರಿಯ ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಕಿರಿಯವಳಿಗೆ ಎಂಟು ವರ್ಷ. ರಾತ್ರಿ ಊಟವಾದ ಮೇಲೆ ಕಾಲೇಜಿನ ಖರ್ಚಿನ ಪ್ರಸ್ತಾಪ ಬಂದರೆ ನನ್ನ ಮತ್ತು ಮನೆಯವರ ಮಾತು ಪ್ರತಿ ಸಲವೂ ಎಲ್ಲಿಂದಲೋ ಬರಬಹುದಾದ ದುಡ್ಡಿನ ಕಡೆಗೇ ಹೊರಳುತ್ತದೆ. ಕೇರಳದ ಲಾಟರಿ ಹೊಡೆದರೆ, ಹೆದ್ದಾರಿಗೆ ಹೊಲ ಹೋಗಿ ಪರಿಹಾರ ಬಂದರೆ, ಒಂದು ವರ್ಷ ಮೆಣಸಿನಕಾಯಿ ಹಾಕಿ ಚಿನ್ನದಂಥ ಧಾರಣೆ ಸಿಕ್ಕರೆ ಎಂದು ಲೆಕ್ಕ ಹಾಕುತ್ತಲೇ ನಿದ್ದೆ ಹೋಗುತ್ತೇವೆ. ಇಂಥ ಕನಸು ಕಂಡವರು ಮುಂದೆ ಏನು ಮಾಡಿದಿರಿ, ಮಕ್ಕಳನ್ನು ಹೇಗೆ ಓದಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಸಂಡೂರಿನಿಂದ:

ತಂಗಿ, ನೀವು ಕನಸಿನಲ್ಲಿ ಕಾಣುತ್ತಿರುವುದನ್ನು ನಮ್ಮ ಕಡೆಯವರು ಹಗಲು ಬೆಳಕಿನಲ್ಲಿ ಕಂಡವರು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಚೀನಾದ ಉಕ್ಕಿನ ಕಾರ್ಖಾನೆಗಳಿಂದ ನಮ್ಮ ಸಂಡೂರಿನ ಕಬ್ಬಿಣದ ಅದಿರಿಗೆ ಬೇಡಿಕೆ ಬಂದು ಧಾರಣೆ ಗಗನಕ್ಕೇರಿದ ಆ ವರ್ಷಗಳಲ್ಲಿ, ಅಲ್ಲಿಯವರೆಗೆ ಜೋಳ, ಶೇಂಗಾ ಬೆಳೆದುಕೊಂಡು ಬಡ್ಡಿ ಸಾಲದಲ್ಲಿದ್ದ ಮನೆಗಳಿಗೆ ಒಮ್ಮಿಂದೊಮ್ಮೆಲೇ ಲಕ್ಷಗಟ್ಟಲೆ ಹಣ ಬಂತು. ಕೆಲವರು ಪಟ್ಟಾ ಜಮೀನನ್ನು ಅದಿರು ತೆಗೆಯಲು ಕೊಟ್ಟರು, ಕೆಲವರು ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಬಿಟ್ಟರು, ಇನ್ನುಳಿದವರು ಫೈನಾನ್ಸ್ ಮಾಡಿ ಲಾರಿ ತಂದರು. ನಮ್ಮ ಓಣಿಯಲ್ಲಿ ಬೆಳಗಿನ ಜಾವ ಲಾರಿಗಳಿಗೆ ತಾಡಪಾಲು ಬಿಗಿಯುತ್ತಿದ್ದವರಲ್ಲಿ ಹೆಚ್ಚಿನವರು ಪಿಯುಸಿ, ಡಿಪ್ಲೊಮಾ ಓದುವ ವಯಸ್ಸಿನ ಹುಡುಗರು. ಅವರ ಮೈ, ತಲೆ, ಕಣ್ಣಿನ ರೆಪ್ಪೆಯ ಮೇಲೆಲ್ಲ ಕೆಂಪು ಧೂಳು ಕೂತಿರುತ್ತಿತ್ತು. ಮಗನನ್ನು ಇಂಜಿನಿಯರ್ ಮಾಡಬೇಕೆಂದು ಹಣಕ್ಕಾಗಿ ಹಂಬಲಿಸಿದ ತಂದೆಯೇ, ಹಣ ಬಂದ ಮೇಲೆ, ಟ್ರಿಪ್ ಲೆಕ್ಕ ಬರೆಯಲು ನಂಬಿಕಸ್ಥರು ಬೇಕೆಂದು ಅದೇ ಮಗನನ್ನು ಕಾಲೇಜು ಬಿಡಿಸಿದ್ದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ನೋಡಿದ್ದೇನೆ. ಅವರು ಮಕ್ಕಳ ಮೇಲೆ ಪ್ರೀತಿ ಇಲ್ಲದವರಲ್ಲ. ಬಂದ ಹಣಕ್ಕೆ ಇದು ಕಾಲೇಜಿನದು ಎಂಬ ಗುರುತು ಮೊದಲೇ ಇರಲಿಲ್ಲ, ಹೀಗಾಗಿ ಅದು ಇನ್ನೊಂದು ಲಾರಿಯಾಯಿತು, ಆರ್‌ಸಿಸಿ ಮನೆಯಾಯಿತು, ಜೋರಾದ ಮದುವೆಯಾಯಿತು.

2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ಲಾರಿಗಳು ನಿಂತಲ್ಲೇ ನಿಂತವು, ಕಂತುಗಳು ಮಾತ್ರ ನಿಲ್ಲಲಿಲ್ಲ. ಆ ವೇಳೆಗೆ ಹುಡುಗರ ಕಾಲೇಜಿನ ವಯಸ್ಸು ದಾಟಿತ್ತು. ಹಣ ಬಂದರೆ ಓದು ತಾನಾಗಿಯೇ ಆಗುತ್ತದೆ ಎಂಬ ನಿಮ್ಮ ಲೆಕ್ಕದ ಆ ಒಂದು ಭಾಗವನ್ನು ಮಾತ್ರ ದಯವಿಟ್ಟು ನಂಬಬೇಡಿ. ನನ್ನ ತಂಗಿಯನ್ನು ಅದೇ ವರ್ಷಗಳಲ್ಲಿ ನರ್ಸಿಂಗ್ ಓದಿಸಿದ್ದು ಅಮ್ಮನ ಎರಡು ಎಮ್ಮೆಯ ಹಾಲಿನ ದುಡ್ಡು. ಡೈರಿಯ ಬಟವಾಡೆ ಬಂದ ದಿನವೇ ಅಮ್ಮ ಅವಳ ಶುಲ್ಕದ ಪಾಲನ್ನು ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು, ಆ ಡಬ್ಬಿಗೆ ಅಪ್ಪನೂ ಕೈ ಹಾಕುತ್ತಿರಲಿಲ್ಲ.

ಸಿರುಗುಪ್ಪದಿಂದ:

ಮೆಣಸಿನಕಾಯಿಯ ವಿಷಯ ನಾನು ಹೇಳುತ್ತೇನೆ. ಹಿಂದಿನ ಹಂಗಾಮಿನ ಧಾರಣೆ ನೋಡಿ ನಮ್ಮ ಭಾಗದಲ್ಲಿ ಎಲ್ಲರೂ ಮೆಣಸಿನಕಾಯಿಗೆ ಇಳಿದರು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಧಾರಣೆ ಕುಸಿದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. ಎಲ್ಲರಿಗೂ ಒಂದೇ ವರ್ಷ ಒಂದೇ ಕನಸು ಬಿದ್ದರೆ ಧಾರಣೆ ನಿಲ್ಲುವುದಿಲ್ಲ, ತಂಗಿ. ಮೆಣಸಿನಕಾಯಿಗೆ ಎಕರೆಗೆ ಬೀಳುವ ಖರ್ಚು ಭತ್ತಕ್ಕಿಂತ ಬಹಳ ಹೆಚ್ಚು. ಗೊಬ್ಬರ, ಔಷಧಿಯ ಸಾಲ ಅಡತಿ ಅಂಗಡಿಯಲ್ಲಿ ಮೊದಲೇ ಬರೆದಿರುತ್ತದೆ. ಬೇಕಿದ್ದರೆ ಒಂದು ಎಕರೆಯಲ್ಲಿ ಹಾಕಿ ನೋಡಿ, ಆದರೆ ಮಗಳ ಶುಲ್ಕ ಕಟ್ಟುವ ವರ್ಷದಲ್ಲಿ ಬೇಡ.

ಲಿಂಗಸುಗೂರಿನ ಶಿಕ್ಷಕರೊಬ್ಬರಿಂದ:

ಲಾಟರಿಯ ಬಗ್ಗೆ ಎರಡು ಮಾತು ಸಾಕು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಾಗಿದೆ. ಕೇರಳ ಸರ್ಕಾರದ ಲಾಟರಿ ಕಾಗದದ ಟಿಕೆಟ್ ಮಾತ್ರ, ಅದನ್ನು ಅಲ್ಲಿಗೆ ಹೋಗಿಯೇ ಕೊಳ್ಳಬೇಕು. ಮೊಬೈಲಿನಲ್ಲಿ ಅದರ ಹೆಸರಿನಲ್ಲಿ ಟಿಕೆಟ್ ಮಾರುವವರು, ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ ಎನ್ನುವವರು ವಂಚಕರು. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗಿನಿಂದ ನಮ್ಮ ಊರಿನಲ್ಲೂ ಈ ಆಸೆ ಹೆಚ್ಚಾಗಿದೆ. ಆದರೆ ಆ ಒಂದು ಟಿಕೆಟಿನ ಜೊತೆಗೆ ಲಕ್ಷಾಂತರ ಟಿಕೆಟುಗಳು ಮಾರಾಟವಾಗಿದ್ದವು, ಗೆದ್ದ ಹಣದ ಮೇಲೂ ಶೇಕಡಾ 30ರಷ್ಟು ಆದಾಯ ತೆರಿಗೆ, ಅದರ ಮೇಲೆ ಸೆಸ್ ಕಟ್ಟಬೇಕು.

ರಾಯಚೂರಿನಿಂದ, ನಿವೃತ್ತ ಬ್ಯಾಂಕ್ ನೌಕರ:

ಅಮ್ಮಾ, ನಿಮ್ಮ ಪ್ರಶ್ನೆಯಲ್ಲಿ ಹೊಲ, ಲಾಟರಿ, ಹೆದ್ದಾರಿ ಎಲ್ಲವೂ ಇದೆ. ಮಗಳು ಏನು ಓದಬೇಕೆಂದಿದ್ದಾಳೆ, ಅದಕ್ಕೆ ವರ್ಷಕ್ಕೆ ಎಷ್ಟು ಬೇಕು ಎಂಬುದು ಮಾತ್ರ ಇಲ್ಲ. ಶಿಕ್ಷಣ ಸಾಲದ ಮೇಜಿನ ಮುಂದೆ ಕುಳಿತ ಎಷ್ಟೋ ತಂದೆತಾಯಿಯರಲ್ಲಿ ನಾನು ಇದನ್ನೇ ಕಂಡಿದ್ದೇನೆ. ಮೊತ್ತ ಗೊತ್ತಿಲ್ಲದಿದ್ದಾಗ ಮನಸ್ಸು ಕೋಟಿಗೆ ಹಾರುತ್ತದೆ. ಕಾಗದದ ಮೇಲೆ ಕೋರ್ಸಿನ ಹೆಸರು, ಶುಲ್ಕ, ಹಾಸ್ಟೆಲ್, ಪುಸ್ತಕ, ಓಡಾಟ ಎಂದು ಬರೆಸಿದಾಗ ಅದು ಲಕ್ಷಗಳಿಗೆ ಇಳಿಯುತ್ತದೆ, ಅದೂ ವರ್ಷವರ್ಷಕ್ಕೆ ಹಂಚಿಕೊಂಡು. ಅಲ್ಲಿಂದ ಮುಂದಿನದು ಮಾಡಲು ಸಾಧ್ಯವಿರುವ ಕೆಲಸ.

ನಮ್ಮ ಭಾಗದವರಿಗೆ ದೊಡ್ಡ ಆಸರೆ ಸಂವಿಧಾನದ 371(ಜೆ) ಅನುಚ್ಛೇದ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿರುವ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸೀಟುಗಳು ಇಲ್ಲಿಯವರಿಗೆ ಮೀಸಲು. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳೂ ಇದರೊಳಗೆ ಬರುತ್ತವೆ. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಹಲವು ಪಟ್ಟು ವ್ಯತ್ಯಾಸವಿರುವುದರಿಂದ ಈ ಮೀಸಲಾತಿಯಿಂದ ಸಿಕ್ಕ ಒಂದು ಸೀಟು ಲಕ್ಷಾಂತರ ರೂಪಾಯಿ ಉಳಿಸಿಕೊಡುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಸಿಇಟಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಅರ್ಜಿ ತುಂಬುವ ವಾರದಲ್ಲಿ ಹೋದರೆ ಸಾಲು ಬಾಗಿಲಾಚೆ ಇರುತ್ತದೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ತಿದ್ದಿಸಲು ಸಮಯ ಉಳಿಯುವುದಿಲ್ಲ. ಜಾತಿ ಮತ್ತು ಆದಾಯ ಪತ್ರದ ಅವಧಿ ಐದು ವರ್ಷ, ಅದನ್ನೂ ನೋಡಿಕೊಳ್ಳಿ.

ಸಾಲಕ್ಕೆ ಹೆದರಬೇಡಿ. ನಾಲ್ಕು ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದ ನಂತರ ಕಂತು ಶುರುವಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದು ಮಗಳು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಸೇರಿದರೆ ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ ಇದೆ, ಸಾಲ ಮಂಜೂರಾದಾಗಲೇ ಅದನ್ನು ಬಾಯಿಬಿಟ್ಟು ಕೇಳಿ. ಕೇಳದವರಿಗೆ ಎಲ್ಲ ಕಡೆಯೂ ಹೇಳುವುದಿಲ್ಲ ಎಂಬುದು ಇಷ್ಟು ವರ್ಷ ಒಳಗಿದ್ದ ನನಗೆ ಇಂದಿಗೂ ಬೇಸರದ ಸಂಗತಿ. ಪಹಣಿ ನಿಮ್ಮ ಹೆಸರಿನಲ್ಲಿ ಅಥವಾ ಯಜಮಾನರ ಹೆಸರಿನಲ್ಲಿದ್ದರೆ ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ತಂದ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿ ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿ. 2021ರಲ್ಲಿ ಆರಂಭವಾದಾಗ ಅದರಲ್ಲಿ ಪಿಯುಸಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 3,000, ಎಂಬಿಬಿಎಸ್, ಬಿಇಯಂಥ ಕೋರ್ಸಿನವರಿಗೆ 11,000 ರೂಪಾಯಿ ನಿಗದಿಯಾಗಿತ್ತು.

ಕಿರಿಯ ಮಗಳ ವಿಷಯದಲ್ಲಿ ತಡಮಾಡಬೇಡಿ. ಹೆಣ್ಣುಮಕ್ಕಳ ಉಳಿತಾಯಕ್ಕೆಂದೇ ಇರುವ ಸುಕನ್ಯಾ ಸಮೃದ್ಧಿ ಖಾತೆಯನ್ನು ಮಗಳಿಗೆ ಹತ್ತು ವರ್ಷ ತುಂಬುವ ಮೊದಲೇ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಪ್ರತಿ ತಿಂಗಳೂ ಕಟ್ಟಲೇಬೇಕೆಂಬ ಕಟ್ಟುಪಾಡಿಲ್ಲದ್ದರಿಂದ ಇದು ರೈತರ ಮನೆಗೆ ತಿಂಗಳ ಕಂತಿನ ಠೇವಣಿಯಾದ ಆರ್‌ಡಿಗಿಂತ ಚೆನ್ನಾಗಿ ಹೊಂದುತ್ತದೆ. ಭತ್ತ ಮಾರಿದ ವಾರ ಒಂದಿಷ್ಟು ಕಟ್ಟಬಹುದು, ಕಾಲುವೆಗೆ ನೀರು ಬಾರದ ವರ್ಷ 250 ಕಟ್ಟಿ ಖಾತೆ ಜೀವಂತವಿಡಬಹುದು. ಹದಿನೆಂಟು ತುಂಬಿದರೆ ಅಥವಾ ಹತ್ತನೇ ತರಗತಿ ಮುಗಿದರೆ ಓದಿಗೆಂದು ಅರ್ಧದಷ್ಟು ಹಣ ತೆಗೆಯಲು ಅವಕಾಶವಿದೆ. ಹೆದ್ದಾರಿಯ ಪರಿಹಾರ ನಿಜವಾಗಿಯೂ ಬಂದರೆ ಅದರಲ್ಲಿ ಮೊದಲ ಪಾಲು ಹೋಗಬೇಕಾದ ಜಾಗವೂ ಇದೇ, ಮನೆಯಲ್ಲಿ ಇದನ್ನು ಈಗಲೇ ಮಾತಾಡಿ ತೀರ್ಮಾನಿಸಿ.

ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳಿಂದ:

ಅಕ್ಕಾ, ನಾನು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಕೃಷಿ ಓದುತ್ತಿದ್ದೇನೆ. ನಿಮ್ಮ ಮಗಳಿಗೆ ಈ ಕಡೆ ಒಲವಿದ್ದರೆ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಸಿಇಟಿಯ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಮೇಜಿನ ಮೇಲೆ ಬೀಜ, ಕಳೆ, ಗೊಬ್ಬರ, ಸಲಕರಣೆಗಳನ್ನು ಇಟ್ಟು ಗುರುತಿಸಲು ಹೇಳುತ್ತಾರೆ. ಬಟ್ಟಲಿನಲ್ಲಿದ್ದ ಅಲಸಂದಿ, ಮಡಿಕೆ ಕಾಳುಗಳನ್ನು ನಾನು ಗುರುತಿಸಿದ್ದು ಅವ್ವನ ಜೊತೆ ಬಿತ್ತನೆ ಕಾಳು ಹಸನು ಮಾಡಿದ ರೂಢಿಯಿಂದ. ಹೊಲಕ್ಕೆ ಹೋಗಿ ಬರುವ ಹುಡುಗಿಗೆ ಇದರಲ್ಲಿ ಅಂಕ ಸಿಗುತ್ತದೆ, ಭತ್ತದ ಜೊತೆ ಒಣಬೇಸಾಯದ ಬೆಳೆಗಳನ್ನೂ ತೋರಿಸಿ. ವ್ಯವಸಾಯಗಾರರ ಕುಟುಂಬದ ಸದಸ್ಯ ಪ್ರಮಾಣಪತ್ರ ಬೇಕಾಗುತ್ತದೆ, ಅದೂ ನಾಡಕಚೇರಿಯಲ್ಲೇ ಸಿಗುತ್ತದೆ. ಸಿಇಟಿ ಅರ್ಜಿ ತುಂಬುವಾಗ ಕೃಷಿಕರ ಕೋಟಾದ ಕಾಲಂನಲ್ಲಿ ಹೌದು ಎಂದು ಗುರುತು ಮಾಡದಿದ್ದರೆ ಆಮೇಲೆ ಸೇರಿಸುವುದು ಕಷ್ಟ. ಕಂಪ್ಯೂಟರ್ ಅಂಗಡಿಯವರ ಕೈಗೆ ಬಿಡದೆ ಮಗಳನ್ನೇ ಪಕ್ಕದಲ್ಲಿ ಕೂರಿಸಿ ತುಂಬಿಸಿ.