‘ರೋಹಿಣಿ ಮಳಿ ಮೊದಲಿನಂಗ ಇಲ್ಲ’: ಹಿರಿಯರ ಮಾತನ್ನು ಮಳೆ ದಾಖಲೆ ಜೊತೆ ಹೋಲಿಸುವುದು ಹೇಗೆ?

ಬೆಳವಲದಂಚು:
ಗದಗ–ನವಲಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ಊರುಗಳಲ್ಲಿ ಹೈಸ್ಕೂಲ್ ಮಕ್ಕಳಿಂದ ಮಳೆ ಬದಲಾವಣೆಯ ಸಮೀಕ್ಷೆ ಮಾಡಿಸಬೇಕಿದೆ. ಹಿರಿಯರದೆಲ್ಲ ಒಂದೇ ಮಾತು: “ರೋಹಿಣಿ ಮಳಿ ಮೊದಲಿನಂಗ ಇಲ್ಲ, ಹೆಸರು ಬಿತ್ತಾಕ ಹಸಿ ಸಿಗವಲ್ದು.” ತಿಂಗಳವಾರು ಮಳೆ ಪಟ್ಟಿಯಲ್ಲಿ ಮಾತ್ರ ಇದು ಕಾಣುತ್ತಿಲ್ಲ. ಪಂಚಾಂಗವೇ ಸರಿದಿದೆ ಅನ್ನುವವರೂ ಇದ್ದಾರೆ. ನಕ್ಷತ್ರದ ನೆನಪನ್ನು ಅಂಕಿಗಳ ಪಕ್ಕ ಇಡುವ ಸರಿಯಾದ ಕ್ರಮ ಯಾವುದು?

ಮಳೆಲೆಕ್ಕ:
ತಿಂಗಳ ಮೊತ್ತದಲ್ಲಿ ಅದು ಕಾಣಲು ಸಾಧ್ಯವೇ ಇಲ್ಲ ಸರ್. ರೋಹಿಣಿ ಹುಟ್ಟುವುದು ಮೇ 25ರ ಸುಮಾರಿಗೆ, ಮುಗಿಯುವುದು ಜೂನ್ 7ಕ್ಕೆ. ಅರ್ಧ ಮೇ ಲೆಕ್ಕಕ್ಕೆ, ಅರ್ಧ ಜೂನ್ ಲೆಕ್ಕಕ್ಕೆ ಹೋಗಿಬಿಡುತ್ತದೆ. ದಿನವಹಿ ಮಳೆಯೇ ಬೇಕು.

ಪಂಚಾಂಗದ ಚಿಂತೆ ಬಿಡಿ. ಸೂರ್ಯ ನಕ್ಷತ್ರ ಹೊಗುವ ದಿನ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ, ಅಷ್ಟೇ. ಅಜ್ಜನ ಕಾಲಕ್ಕೂ ಈಗಕ್ಕೂ ಹೆಚ್ಚೆಂದರೆ ಒಂದು ದಿನದ ಅಂತರ. ಹಾಗಾಗಿ ನಕ್ಷತ್ರ ಹುಟ್ಟುವ ದಿನಕ್ಕೆ ಎಲ್ಲ ವರ್ಷಗಳಿಗೂ ಒಂದೇ ತಾರೀಖು ಸಾಕು: ಮಿರಗ (ಮೃಗಶಿರ) ಜೂನ್ 8, ಆರಿದ್ರಾ 22, ಪುನರ್ವಸು ಜುಲೈ 6, ಪುಷ್ಯ 20, ಆಶ್ಲೇಷ ಆಗಸ್ಟ್ 3, ಮಘಾ 17, ಹುಬ್ಬಿ 31, ಉತ್ತರಿ ಸೆಪ್ಟೆಂಬರ್ 13, ಹಸ್ತ 27.

ಹವಾಮಾನ ಇಲಾಖೆಯ 1901ರಿಂದೀಚಿನ ದಿನವಹಿ ಗ್ರಿಡ್ ದತ್ತಾಂಶ (ನಕ್ಷೆಯನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೆ ಒಂದು ಅಂಕಿ ಕೊಡುವುದು) ಉಚಿತವಾಗಿ ಸಿಗುತ್ತದೆ. ಒಂದು ಚೌಕ 0.25 ಡಿಗ್ರಿ, ಅಂದರೆ 27 ಕಿ.ಮೀ. ಆಸುಪಾಸು. ಒಂದೂರಿಗೆ ಬಿದ್ದು ಪಕ್ಕದೂರಿಗೆ ಬೀಳದ ಮುಂಗಾರು ಪೂರ್ವದ ಗುಡುಗು ಮಳೆ ಅದರಲ್ಲಿ ಸವೆದು ಹೋಗಿರುತ್ತದೆ. ತಾಲ್ಲೂಕು ಮಳೆಮಾಪಕದ ಹಳೇ ದಾಖಲೆ ಸಿಕ್ಕರೆ ಅದೇ ಮೇಲು. ಆದರೆ ಹಳೇ ಮಾಪಕದ ಸಾಲಿಗೆ ಈಚಿನ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಕೇಂದ್ರದ ಅಂಕಿ ಅಂಟಿಸಬೇಡಿ. ಜಾಗ, ಉಪಕರಣ ಎರಡೂ ಬೇರೆ, ಇಲ್ಲದ ಬದಲಾವಣೆ ಇದ್ದಂತೆ ತೋರುತ್ತದೆ.

ಪ್ರತಿ ವರ್ಷ, ಪ್ರತಿ ನಕ್ಷತ್ರಕ್ಕೆ ಮೂರು ಅಂಕಿ ತೆಗೆಯಿರಿ: ಒಟ್ಟು ಮಿ.ಮೀ., ಮಳೆ ದಿನಗಳು (2.5 ಮಿ.ಮೀ. ಅಥವಾ ಹೆಚ್ಚು), ಮಳೆ ಇಲ್ಲದ ಅತಿ ಉದ್ದದ ಬಿಡುವು. 1961–90 ಮತ್ತು 1991–2020 ಎಂದು ಎರಡು ಗುಂಪು ಮಾಡಿ. ಸರಾಸರಿ ಬೇಡ, ಮಧ್ಯಾಂಕ (ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವುದು) ಹಿಡಿಯಿರಿ. ಹದಿನಾಲ್ಕು ದಿನದ ಅವಧಿಯಲ್ಲಿ ಒಂದೇ ದಿನದ 90 ಮಿ.ಮೀ. ಮಳೆ ಸರಾಸರಿಯನ್ನೇ ಎತ್ತಿಬಿಡುತ್ತದೆ. ಇನ್ನೊಂದು: ದಾಖಲೆಯ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ. ರಾತ್ರಿ ಬಿದ್ದ ಮಳೆ ಮರುದಿನದ ತಾರೀಖಿನಲ್ಲಿರುತ್ತದೆ.

ಹಗೇವು:
ಲೆಕ್ಕ ಸರಿ. ಆದರ ಹಿರ್ಯಾರು ಹೇಳಾಕತ್ತಿದ್ದು ಮಿಲಿಮೀಟರ್ ಅಲ್ಲರೀ, ಹಸಿ. ಬೇಸಿಗಿಯೊಳಗ ಎರಿ ಭೂಮಿ ಬಿರುಕು ಬಿಟ್ಟಿರತೈತಿ. 20 ಮಿ.ಮೀ. ಬಿದ್ದು ಆಮೇಲೆ ಎಂಟು ದಿನ ಬಿಸಿಲು ಹೊಡದರ ಮೇಲಿನ ಪದರ ಒಣಗಿ ಬೀಜ ಮೊಳಕಿಯೊಳಗ ಸಾಯತೈತಿ. ಮಳೆ ಆಗೇತಿ, ಬಿತ್ತಿಗಿ ಆಗಿಲ್ಲ. ಎರಡೂ ಖರೇನ. ಅದಕ್ಕ ಲೆಕ್ಕದೊಳಗ ‘ಬಿತ್ತಿಗಿ ದಿನ’ ಅಂತ ಒಂದು ಕಾಲಂ ಹಾಕ್ರಿ: ಮೇ 25ರ ನಂತರ ಎರಡು ದಿನದಾಗ ಕೂಡಿ 25 ಮಿ.ಮೀ. ಆದ, ಮುಂದ ಹತ್ತು ದಿನದ ಬಿಡುವು ಬೀಳದ ಮೊದಲ ತಾರೀಖು. ಈ ಅಂಕಿ ಊರಿಗೆ ತಕ್ಕಂಗ ಬದಲಿಸ್ರಿ. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕ ಕಡಿಮಿ ಸಾಕಾಗತೈತಿ.

ಇದು ಯಾಕ ಮುಖ್ಯ ಅಂದ್ರ ಹೆಸರು 65–70 ದಿನದ ಬೆಳಿ. ಮಿರಗ ಹುಟ್ಟಿದ ಕೂಡಲೇ ಬಿತ್ತಿದರ ಮಘಾದಾಗ ಕೈಗೆ ಬರತೈತಿ, ಹೊಲ ಹಸನ ಮಾಡಿ ಉತ್ತರಿ–ಹಸ್ತಕ್ಕ ಕಡ್ಲಿನೋ ಬಿಳಿಜ್ವಾಳನೋ ಹಾಕಬಹುದು. ಬಿತ್ತಿಗಿ ಪುನರ್ವಸುಕ್ಕ ಹೋದರ ಕಟಾವು ಉತ್ತರಿ ಮಳಿಗೆ ಸಿಗತೈತಿ. ನಮ್ಮ ಕಡೆ ಸೆಪ್ಟೆಂಬರಾಗ ಮಳಿ ಜೋರು. ಕಾಯಿ ಗಿಡದಾಗ ಮೊಳಕಿ ಒಡಿತಾವು, ಹಿಂಗಾರಿ ಬಿತ್ತಿಗೀನೂ ತಡ. ರೋಹಿಣಿ ತಪ್ಪಿದ್ದಕ್ಕ ಹಿರ್ಯಾರು ಅಷ್ಟು ಕೊರಗೋದು ಇದಕ್ಕ.

ಕೇಳೋ ರೀತಿನೂ ನೋಡ್ಕೊಳ್ರಿ. “ಮಳಿ ಕಡಿಮಿ ಆಗೇತೇನು?” ಅಂದ್ರ “ಹೌದು” ಅಂತಾರ, ಮುಗೀತು. ಎಲ್ಲಾರಿಗೂ ನೆನಪಿರೋ ವರ್ಷ ಹಿಡೀರಿ: 1972ರ ಬರ, 2009ರ ಹಸ್ತದ ನೆರಿ, 2019ರ ಆಶ್ಲೇಷದ ನೆರಿ. ಆ ವರ್ಷ ಹೆಸರು ಯಾವ ಮಳಿಗೆ ಬಿತ್ತಿದ್ರಿ, ಎರಡನೇ ಸಲ ಬಿತ್ತಿದ್ರೇನು, ಕಡ್ಲಿ ಯಾವಾಗ? ಹೆಣ್ಮಕ್ಕಳನ್ನ ಬ್ಯಾರೆ ಕುಂದ್ರಿಸಿ ಕೇಳ್ರಿ. ಕಸ ತೆಗೆದ ಸಲ, ಬೀಜ ಇಟ್ಟದ್ದು, ಬಾವಿ ನೀರು ಎಲ್ಲಿಗೆ ಇಳಿದಿತ್ತು ಅನ್ನೋದು ಅವರಿಗೇ ಗೊತ್ತು.

ತೇರದಾಳ_ಟೀಚರ್:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಿತ್ತನೆ ತಡವಾದದ್ದೆಲ್ಲ ಹವಾಮಾನದ ಕೈವಾಡವಲ್ಲ. ಜವಾರಿ ಬೀಜ ಬಿಟ್ಟು ಬೇಗ ಬರುವ ತಳಿ ಹಿಡಿದವರು ತಡವಾಗಿ ಬಿತ್ತಿದರೂ ನಡೆಯುತ್ತದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಲ್ಲಿ ಬಾಡಿಗೆ ಸರದಿ ಕಾಯಬೇಕು. ಪ್ರಶ್ನಾವಳಿಯಲ್ಲಿ ತಳಿ, ಎತ್ತು ಅಥವಾ ಟ್ರ್ಯಾಕ್ಟರ್, ನೀರಾವರಿ ಈ ಮೂರನ್ನು ವರ್ಷದ ಜೊತೆ ಬರೆಸಿಕೊಳ್ಳದಿದ್ದರೆ ಫಲಿತಾಂಶ ನಂಬುವಂತಿರುವುದಿಲ್ಲ.

ಗಾದೆಗಳನ್ನೂ ಊರು ನೋಡಿ ಬಳಸಿ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಬಯಲಿನದು. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬುದಕ್ಕೆ ಹೊಳೆ ಬೇಕು. ಅದನ್ನು ನವಲಗುಂದದ ಮಳೆಮಾಪಕದಲ್ಲಿ ಹುಡುಕಿ “ಗಾದೆ ಸುಳ್ಳಾಯಿತು” ಎಂದು ಬರೆದರೆ ತಪ್ಪು ಗಾದೆಯದಲ್ಲ. ಅಂದಹಾಗೆ, ಹೇಳಿದವರ ಹೆಸರು ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ, ಮುಗಿದ ಮೇಲೆ ಚಾರ್ಟನ್ನು ಅವರ ಕಟ್ಟೆಗೇ ಒಯ್ದು ತೋರಿಸಿ.

ಬೆಳವಲದಂಚು:
ಎಲ್ಲರಿಗೂ ಧನ್ಯವಾದ. ಈ ವರ್ಷದ ಮಳೆಯನ್ನು ಮಕ್ಕಳೇ ಅಳೆಯಬಹುದೇ? ದುಬಾರಿ ಮಾಪಕ ಕೊಳ್ಳಲಾಗದು.

ಮಳೆಲೆಕ್ಕ:
ಧಾರಾಳವಾಗಿ. ತಳ ಮುಚ್ಚಿದ ನಾಲ್ಕಿಂಚು ಪಿವಿಸಿ ಪೈಪ್ ಸಾಕು. ಒಳವ್ಯಾಸ ಅಳೆಯಿರಿ, ಪೈಪಿನ ಮೇಲೆ ಬರೆದದ್ದನ್ನು ನಂಬಬೇಡಿ. ಒಳವ್ಯಾಸ 10 ಸೆಂ.ಮೀ. ಇದ್ದರೆ ಬಾಯಿ 78.5 ಚದರ ಸೆಂ.ಮೀ.; ಸಿಕ್ಕ ನೀರು 78.5 ಮಿ.ಲೀ. ಆದರೆ 10 ಮಿ.ಮೀ. ಮಳೆ. ಬಾಯಿ ಸಮತಟ್ಟಾಗಿ, ನೆಲದಿಂದ 30 ಸೆಂ.ಮೀ. ಮೇಲಿರಲಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡಿ. ದಿನಾ 8:30ಕ್ಕೇ ಓದಿ ಚೆಲ್ಲಬೇಕು. ಬಿಟ್ಟರೆ ನೀರು ಆವಿಯಾಗಿ ಮಳೆ ಕಡಿಮೆ ತೋರುತ್ತದೆ. ಭಾನುವಾರ ಓದುವವರು ಯಾರು ಅನ್ನುವುದನ್ನು ಮೊದಲೇ ಹಂಚಿಕೊಳ್ಳಿ, ಶಾಲೆಗಳ ದಾಖಲೆ ಹಾಳಾಗುವುದು ಅಲ್ಲೇ. ಪಕ್ಕದ ಕಾಲಂನಲ್ಲಿ, ಹೊಲದಲ್ಲಿ ಸಲಿಕೆ ಹಾಕಿ ನೋಡಿದಾಗ ಹಸಿ ಎಷ್ಟು ಬೆರಳು ಇಳಿದಿತ್ತು ಎಂದೂ ಬರೆಸಿ.