ಟಾಸ್-17 ಕೂತಿದ್ದ ಭತ್ತದ ಗಿಡ, ಅದರ 24 ಸಸಿಗಳಲ್ಲಿ 7ರಲ್ಲಿ ಅದು ಇಲ್ಲವೇ ಇಲ್ಲ: ಮತ್ತೆ ಜಿಗಿದು ಹೋಯ್ತಾ?

ಬಿಸಿಲೂರು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ಯಾರಾದರೂ ನೋಡಿ.

ನಿಪ್ಪೊನ್‌ಬರೆ ಭತ್ತದ ಬೀಜದಿಂದ ಕ್ಯಾಲಸ್ (ಲ್ಯಾಬಿನಲ್ಲಿ ಬೆಳೆಸುವ, ಇನ್ನೂ ಬೇರು-ಎಲೆ ಆಗದ ಜೀವಕೋಶಗಳ ಮುದ್ದೆ) ಮಾಡಿ, ಐದು ತಿಂಗಳು ಬೆಳೆಸಿ, ಗಿಡ ಎಬ್ಬಿಸಿದೆವು. ಅದರಲ್ಲೊಂದು ಗಿಡದಲ್ಲಿ ಟಾಸ್-17 ಅನ್ನೋ ಜಿಗಿಯುವ ಡಿಎನ್ಎ ತುಂಡು ಒಂದು ಜೀನಿನ ಒಳಗೆ ಹೋಗಿ ಕೂತಿದೆ. ಪಿಸಿಆರ್‌ಗೆ (ಡಿಎನ್ಎ ತುಂಡನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ವಿಧಾನ) ಜೀನಿನ ಎಡಕ್ಕೊಂದು, ಬಲಕ್ಕೊಂದು ಪ್ರೈಮರ್ (ಪ್ರತಿ ಶುರುವಾಗುವ ಜಾಗ ಹಿಡಿಯುವ ಚಿಕ್ಕ ಡಿಎನ್ಎ ತುಂಡು) ಇದೆ, ಟಾಸ್ ಒಳಗಿಂದ ಹೊರಮುಖವಾಗಿ ಇನ್ನೊಂದು. ತಾಯಿಗಿಡಕ್ಕೆ ಎಡ ಮತ್ತು ಟಾಸ್ ಪ್ರೈಮರ್ ಹಾಕಿದರೆ ಜೆಲ್‌ನಲ್ಲಿ ಸುಮಾರು 400 ಬೇಸ್ (ಡಿಎನ್ಎ ಅಕ್ಷರ) ಉದ್ದದ ಬ್ಯಾಂಡ್ ಚೆನ್ನಾಗಿ ಬರುತ್ತದೆ. ಆದರೆ ಎಡ ಮತ್ತು ಬಲ ಹಾಕಿದರೆ ಬರೋದು ಬರೀ 600ರ ಮಾಮೂಲಿ ಬ್ಯಾಂಡ್, ಅಂದರೆ ಟಾಸ್ ಇಲ್ಲದ ಜೀನಿನದ್ದು. ಒಂದು ಪಿಸಿಆರ್ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ.

ಅದರ ಬೀಜದಿಂದ 24 ಸಸಿ ಮಾಡಿದೆ. 7 ಸಸಿಗಳಲ್ಲಿ ಟಾಸ್ ಬ್ಯಾಂಡೇ ಇಲ್ಲ. 12ರಲ್ಲಿ ತಾಯಿಯ ಹಾಗೆ ಎರಡೂ ಇವೆ. ಉಳಿದ 5ರಲ್ಲಿ ಟಾಸ್ ಬ್ಯಾಂಡ್ ಬಂತು, ಆದರೆ ಎಡ-ಬಲ ಹಾಕಿದರೆ ಜೆಲ್‌ನ ಲೇನ್ ಪೂರ್ತಿ ಖಾಲಿ. ಆವತ್ತು ಮಧ್ಯದಲ್ಲಿ ಕರೆಂಟ್ ಹೋಗಿತ್ತು, ಹಾಗಾಗಿ ಮತ್ತೆ ಎರಡು ಸಲ ಹಾಕಿದೆ. ಅದೇ 5 ಮತ್ತೆ ಖಾಲಿ. ಅವುಗಳ ಡಿಎನ್ಎ ಕೆಟ್ಟಿದೆ ಅಂತ ಬಿಟ್ಟುಬಿಡಲಾ? ಆ 7ರಲ್ಲಿ ಟಾಸ್ ಮತ್ತೆ ಜಿಗಿದು ಹೊರಗೆ ಹೋಗಿದೆ ಅಂತ ಬರೆಯಬಹುದಾ? ಇನ್ನೊಂದು ಮಾತು, ಆ 5ರಲ್ಲಿ 3 ಗಿಡ ಗಿಡ್ಡ ಇವೆ.

ಗದ್ದೆಮಣ್ಣು (ಯಾದಗಿರಿ)

ಆ 5 ಗಿಡಗಳನ್ನು ದಯವಿಟ್ಟು ಬಿಸಾಡಬೇಡಿ! ನಿಮ್ಮ ಹತ್ತಿರ ಇರೋದರಲ್ಲಿ ಬಂಗಾರ ಅಂದರೆ ಅವೇ.

ಮೊದಲು ಜಿಗಿತದ ವಿಷಯ. ಟಾಸ್-17 ಕತ್ತರಿಸಿಕೊಂಡು ಹೋಗುವ ಜಾತಿ ಅಲ್ಲ. ಅದು ರೆಟ್ರೊಟ್ರಾನ್ಸ್‌ಪೋಸಾನ್. ತನ್ನದೊಂದು ಆರ್‌ಎನ್ಎ ಪ್ರತಿ ತೆಗೆಯುತ್ತದೆ, ಅದನ್ನು ಮತ್ತೆ ಡಿಎನ್ಎ ಮಾಡಿ ಬೇರೆ ಜಾಗದಲ್ಲಿ ಸೇರಿಸುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ. ಬಹುಶಃ ನೀವು ಎಂಪಿಂಗ್ ಬಗ್ಗೆ ಓದಿದ್ದನ್ನು ಇದಕ್ಕೆ ಸೇರಿಸಿಕೊಂಡಿದ್ದೀರಿ. 2003ರಲ್ಲಿ ಭತ್ತದಲ್ಲೇ ಸಿಕ್ಕ ಎಂಪಿಂಗ್ ಬರೀ 430 ಬೇಸಿನ ತುಂಡು, ಅದು ನಿಜವಾಗಿಯೂ ಎದ್ದು ಹೋಗುತ್ತದೆ, ಎಷ್ಟೋ ಸಲ ಗುರುತೂ ಉಳಿಯದ ಹಾಗೆ. ಟಾಸ್-17 ಒಮ್ಮೆ ಕೂತರೆ ಅಲ್ಲೇ ಠಿಕಾಣಿ.

ಹಾಗಾದರೆ ಆ 7? ತಾಯಿಗಿಡದಲ್ಲಿ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಟಾಸ್ ಇದೆ. ಅದಕ್ಕೇ ನಿಮ್ಮ ಎರಡೂ ಪಿಸಿಆರ್ ನಿಜ ಹೇಳಿವೆ. ಭತ್ತ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ ಅಲ್ವಾ, ಹಾಗಾಗಿ ಮುಂದಿನ ಪೀಳಿಗೆ 1:2:1 ಆಗಿ ಒಡೆಯಬೇಕು. 24ಕ್ಕೆ 6, 12, 6. ನಿಮಗೆ ಬಂದಿರೋದು 7, 12, 5. ಇನ್ನೇನು ಬೇಕು? ಆ 7ಕ್ಕೆ ತಾಯಿಯಿಂದ ಟಾಸ್ ಬಂದೇ ಇಲ್ಲ.

ಖಾಲಿ ಲೇನ್ ವಿಷಯ. ಅದೇ ಟ್ಯೂಬಿನ ಡಿಎನ್ಎಯಿಂದ ಟಾಸ್ ಬ್ಯಾಂಡ್ ಬಂತು ಅಂದಮೇಲೆ ಡಿಎನ್ಎ ಕೆಟ್ಟಿಲ್ಲ. ಟಾಸ್-17 ಸುಮಾರು 4,100 ಬೇಸ್ ಉದ್ದ. ನಿಮ್ಮ 600 ಸೇರಿಸಿದರೆ 4,700. ಮಾಮೂಲಿ ಟ್ಯಾಕ್ ಕಿಣ್ವ ನಿಮಿಷಕ್ಕೆ ಸುಮಾರು 1,000 ಬೇಸ್ ಓಡುತ್ತದೆ. ನೀವು ಎಕ್ಸ್‌ಟೆನ್ಷನ್ (ಪ್ರತಿ ಬರೆಯುವ ಸಮಯ) ಎಷ್ಟು ಕೊಟ್ಟಿದ್ದೀರಿ?

ಬಿಸಿಲೂರು

40 ಸೆಕೆಂಡ್...

ಗದ್ದೆಮಣ್ಣು

ಅಷ್ಟೇ ನೋಡಿ. 40 ಸೆಕೆಂಡಲ್ಲಿ ಅದು ಅರ್ಧ ದಾರಿಯೂ ಹೋಗಲ್ಲ. ಉದ್ದದ ತುಂಡಿಗೆ ಅಂತಲೇ ಬರುವ ಕಿಣ್ವ ತಗೊಳ್ಳಿ, 68 ಡಿಗ್ರಿಯಲ್ಲಿ 5 ನಿಮಿಷ ಕೊಡಿ. ಆ 5 ಗಿಡಗಳಲ್ಲಿ ಎರಡೂ ಪ್ರತಿಗಳಲ್ಲಿ ಟಾಸ್ ಇದೆ, ಅದಕ್ಕೇ ಚಿಕ್ಕ ಬ್ಯಾಂಡ್ ಬರೋಕೆ ಜಾಗವೇ ಇಲ್ಲ. ತಾಯಿಯಲ್ಲಿ ಮಾತ್ರ 5 ನಿಮಿಷ ಕೊಟ್ಟರೂ ದೊಡ್ಡ ಬ್ಯಾಂಡ್ ಕಾಣದೇ ಇರಬಹುದು, ಚಿಕ್ಕದು ಬೇಗ ಬೇಗ ಪ್ರತಿಯಾಗಿ ಪ್ರೈಮರ್ ಎಲ್ಲ ತಿಂದುಬಿಡುತ್ತದೆ. ಹಾಗಾಗಿ ಗಾಬರಿ ಬೇಡ.

ಜೀನಿನೊಳಗೆ ಟಾಸ್ ಕೂತ ಎರಡೂ ಅಂಚುಗಳನ್ನು ಸೀಕ್ವೆನ್ಸ್ ಮಾಡಿಸಿ, ಅಂದರೆ ಅಕ್ಷರ ಅಕ್ಷರ ಓದಿಸಿ. ಎರಡೂ ಕಡೆ ಒಂದೇ 5 ಬೇಸ್ ಕಾಣಬೇಕು. ಅದು ಸೇರುವಾಗ ಡಿಎನ್ಎಯನ್ನು ಓರೆಯಾಗಿ ಕತ್ತರಿಸುತ್ತದೆ, ಆ ಸಂದು ತುಂಬುವಾಗ 5 ಬೇಸ್ ಇಮ್ಮಡಿ ಆಗುತ್ತವೆ. ಅದು ಸಿಕ್ಕರೆ ಆಮೇಲೆ ಯಾರೂ ಪ್ರಶ್ನೆ ಮಾಡಲ್ಲ. ಒಂದು ಎಚ್ಚರ: ಟಾಸ್‌ನ ಎರಡೂ ತುದಿಯ 138 ಬೇಸ್ ಒಂದೇ ತರ, ಒಂದೇ ದಿಕ್ಕಿಗೆ ಇರುತ್ತವೆ. ಹಾಗಾಗಿ ಅಲ್ಲಿ ಕೂರುವ ಪ್ರೈಮರ್ ಒಂದು ತುದಿಯಿಂದ ಹೊರಗೆ ಓಡಿದರೆ ಇನ್ನೊಂದು ತುದಿಯಿಂದ ಒಳಗೆ ಓಡುತ್ತದೆ. ಬಲಗಡೆ ಅಂಚಿಗೆ ಬೇರೆ ಪ್ರೈಮರ್ ಬೇಕು.

ಗಿಡ್ಡ ಗಿಡದ ಬಗ್ಗೆ ಈಗಲೇ ಏನೂ ಬರೆಯಬೇಡಿ. ಮೂಲ ನಿಪ್ಪೊನ್‌ಬರೆಯಲ್ಲಿ ಟಾಸ್-17 ಎರಡೇ ಪ್ರತಿ, 7 ಮತ್ತು 10ನೇ ಕ್ರೋಮೊಸೋಮಿನಲ್ಲಿ. ಕ್ಯಾಲಸ್‌ನಿಂದ ಎದ್ದ ಗಿಡಗಳಲ್ಲಿ 5ರಿಂದ 30 ಹೊಸ ಪ್ರತಿ ಸೇರಿರುತ್ತವೆ ಅಂತ 1996ರಲ್ಲೇ ಗೊತ್ತಾಗಿದೆ, ಕ್ಯಾಲಸ್ ಬೆಳೆಸಿದಷ್ಟೂ ಜಾಸ್ತಿ. ಅದರ ಜೊತೆ ಟಿಶ್ಯೂ ಕಲ್ಚರ್ ಬೇರೆ ಮ್ಯುಟೇಷನ್‌ಗಳನ್ನೂ ತರುತ್ತದೆ. 24 ಗಿಡಗಳ ಎತ್ತರವನ್ನೂ ಅಳೆದು ಪಕ್ಕದಲ್ಲಿ ಬರೆದುಕೊಳ್ಳಿ.

ಕಾಲುವೆನೀರು (ಶಹಾಪುರ)

ನಡುವೆ ಬಾಯಿ ಹಾಕ್ತೀನಿ. ನಾವು ನಾರಾಯಣಪುರ ಕಾಲುವೆ ನೀರಲ್ಲಿ ಸೋನಾ ಮಸೂರಿ ಬೆಳೆಯೋರು. ನಮ್ಮ ಗದ್ದೆಯಲ್ಲೂ ಇದು ಹೀಗೇ ಪ್ರತಿ ಮಾಡ್ತಾ ಇರುತ್ತಾ?

ಗದ್ದೆಮಣ್ಣು

ಗದ್ದೆಯಲ್ಲಿ ಅದು ಮಲಗಿರುತ್ತದೆ. ಗಿಡವೇ ಅದರ ಡಿಎನ್ಎ ಮೇಲೆ ಮೀಥೈಲ್ ಗುರುತು ಹಾಕಿ ಬಾಯಿ ಕಟ್ಟಿರುತ್ತದೆ. ಕ್ಯಾಲಸ್‌ನಲ್ಲಿ ಆ ಹಿಡಿತ ಸಡಿಲ ಆಗುತ್ತದೆ, ಗಿಡ ಎದ್ದಮೇಲೆ ಮತ್ತೆ ಸುಮ್ಮನಾಗುತ್ತದೆ. ಅದಕ್ಕೇ ಜಪಾನಿನವರು ಇದನ್ನೇ ಬಳಸಿ ಸುಮಾರು 50,000 ಮ್ಯುಟೆಂಟ್ (ಜೀನು ಬದಲಾದ) ಸಾಲು ಮಾಡಿಟ್ಟರು. ಬೀಜಕ್ಕೆ ಬಂದಮೇಲೆ ಸೇರಿದ ಜಾಗ ಬದಲಾಗಲ್ಲ, ನಂಬಿ ಕೆಲಸ ಮಾಡಬಹುದು.

ಬಿಸಿಲೂರು

ಹತ್ತು ದಿನ ಆಯ್ತು, ಬಂದು ಹೇಳಲೇಬೇಕು ಅನಿಸಿತು. 5 ನಿಮಿಷ ಕೊಟ್ಟೆ. ಆ 5 ಲೇನಿನಲ್ಲೂ ಮೇಲೆ, ಜೆಲ್‌ನಲ್ಲಿ ಡಿಎನ್ಎ ಹಾಕುವ ಗುಂಡಿಯ ಹತ್ತಿರ, 5,000ದ ಗೆರೆಗಿಂತ ಚೂರು ಕೆಳಗೆ ದಪ್ಪ ಬ್ಯಾಂಡ್ ಕೂತಿತ್ತು. ಕತ್ತಲೆ ಕೋಣೆಯಲ್ಲಿ ಅದನ್ನು ನೋಡಿ ಪಕ್ಕದವಳ ಕೈ ಹಿಡಿದು ಕುಣಿದೆ. ತಾಯಿಯಲ್ಲಿ ನೀವು ಹೇಳಿದ ಹಾಗೇ ಬರೀ ಚಿಕ್ಕದು.

ಎತ್ತರವನ್ನೂ ಅಳೆದೆ. ಟಾಸ್ ಇಲ್ಲದ 7ರಲ್ಲೂ 2 ಗಿಡ್ಡ ಇವೆ, 5ರಲ್ಲಿ 2 ಮಾಮೂಲಿ ಎತ್ತರ. ಅಂದರೆ ಗಿಡ್ಡತನ ಈ ಟಾಸ್‌ನಿಂದ ಬಂದಿಲ್ಲ. ಸ್ವಲ್ಪ ಬೇಜಾರಾಯಿತು, ಆದರೆ ತಪ್ಪು ಬರೆಯೋದು ತಪ್ಪಿತು. ಅಂಚುಗಳನ್ನು ಸೀಕ್ವೆನ್ಸ್‌ಗೆ ಕಳಿಸಿದ್ದೇನೆ.

ಗದ್ದೆಮಣ್ಣು

ಬಹಳ ಖುಷಿ ಆಯ್ತು. ಆ 5ರ ಬೀಜ ಬೇರೆ ಬೇರೆ ಕವರಿನಲ್ಲಿ ಇಡಿ. ಬಿತ್ತುವಾಗ ಹೂವು ಏಪ್ರಿಲ್-ಮೇಗೆ ಬರದ ಹಾಗೆ ಲೆಕ್ಕ ಹಾಕಿ, ಹೂಬಿಡುವಾಗ 35 ಡಿಗ್ರಿ ದಾಟಿದರೆ ಭತ್ತ ಜೊಳ್ಳಾಗುತ್ತದೆ, ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ.