ವಿಚಾರಣಾಧೀನ ಕೈದಿಗಳಿಗೆ ನಮ್ಮ ಟ್ರಸ್ಟಿನ ಹಣ: ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ: ಅಪ್ಪನ ಹೆಸರಿನಲ್ಲಿ ಸಣ್ಣ ಟ್ರಸ್ಟ್ ಇದೆ. ವರ್ಷಕ್ಕೆ ಮೂರು ಲಕ್ಷ ಕೊಡಬಹುದು. ಇಷ್ಟು ದಿನ ಶಾಲೆಗಳಿಗೆ ಕೊಟ್ಟೆವು. ಈ ಸಲ ಕೇಸ್ ಮುಗಿಯದೆ ಜೈಲಿನಲ್ಲಿ ಕೊಳೆಯುತ್ತಿರುವ ಬಡವರಿಗೆ ಕೊಡೋಣ ಅಂತಿದ್ದೇವೆ. ಜಾಮೀನಿನ ದುಡ್ಡು ಕಟ್ಟಿದರೆ ಸಾಕಾ?

ವಕೀಲರು, ಕಾರವಾರ: ಸಾಲದು. ದುಡ್ಡಿಗಿಂತ ಮೊದಲು ಓಡಾಡುವ ಒಬ್ಬರು ಬೇಕು. ಬೋಟಿನ ಕೆಲಸಕ್ಕೆ ಒಡಿಶಾದಿಂದ ಬಂದ ಹುಡುಗನ ಕೇಸ್ ನಡೆಸಿದ್ದೆ. ಜಾಮೀನು ಸಿಕ್ಕಿತು. ಆದರೆ ಪಹಣಿ ಹಿಡಿದು ಬಂದು ಜಾಮೀನುದಾರರಾಗಿ ಸಹಿ ಹಾಕುವವರು ಇಲ್ಲಿ ಯಾರಿದ್ದಾರೆ? ಬೋಟಿನ ಮಾಲೀಕರು ಫೋನೇ ಎತ್ತಲಿಲ್ಲ. ಊರಿನ ಅಣ್ಣ ಬರುತ್ತೇನೆ ಅಂದ, ಬೇರೆ ರಾಜ್ಯದ ಜಮೀನು ಅಂತ ತಕರಾರು ಬಂತು. ಜಾಮೀನು ಕೈಯಲ್ಲಿದ್ದೂ ಆ ಹುಡುಗ ಎರಡು ತಿಂಗಳು ಒಳಗೇ ಇದ್ದ. ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಗಾರೆ ಕೆಲಸದ ಮೋತಿರಾಮನಿಗೂ ಹೀಗೇ ಆಗಿತ್ತು. ಜಾಮೀನುದಾರ ಬೇರೆ ಜಿಲ್ಲೆಯವನು ಅಂತ ತಳ್ಳಬಾರದು ಎಂದು ಅವನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಜಾಮೀನು ಸಿಕ್ಕ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಹೇಳಿದೆ. ಇದನ್ನೆಲ್ಲ ನೆನಪಿಟ್ಟು ಬೆನ್ನು ಹತ್ತುವವರು ಬೇಕಲ್ವಾ? ದುಡ್ಡಿಗೆ ಕೇಂದ್ರದ ಯೋಜನೆಯೂ ಇದೆ. 2023ರಲ್ಲಿ ಬಂದಾಗ ವಿಚಾರಣಾಧೀನ ಕೈದಿಗೆ 40,000 ರೂ.ವರೆಗೆ ಅಂತಿತ್ತು. ಅದಕ್ಕೆ ಬೇಕಾದ ಕಾಗದಗಳನ್ನು ಕೂಡಿಸುವವರಿಗೆ ನೀವು ಸಂಬಳ ಕೊಡಿ.

ಕುಮಟಾದ ಅಕ್ಕ: ನನ್ನ ತಮ್ಮ ಒಳಗಿದ್ದ. ನೋಡಲು ಹೋಗುವಾಗ ಬಸ್ಸೇನೋ ಫ್ರೀ. ಆದರೆ ಹೋದ ದಿನ ಮೀನು ಮಾರಲು ಆಗುವುದಿಲ್ಲ, ಮನೆಗೆ ಅಕ್ಕಿ ಇಲ್ಲ. ಹೊರಗೆ ಬಂದ ಮೇಲೆ ಇನ್ನೂ ಕಷ್ಟ. ಒಂದು ತಾರೀಕು ತಪ್ಪಿತು, ವಾರಂಟ್ ಬಂತು. ಬೇಕಂತ ತಪ್ಪಿಸಿದ್ದಲ್ಲ. ತಾರೀಕು ಯಾವಾಗ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ದಿನ ಒಂದು ಫೋನ್ ಬಂದಿದ್ದರೆ ಸಾಕಿತ್ತು.

ಕೇಳಿದವರು: ಅಕ್ಕ, ಇದು ನಮಗೆ ಹೊಳೆದೇ ಇರಲಿಲ್ಲ. ವಕೀಲರೇ, ಒಂದು ವರ್ಷ ಕೊಟ್ಟು ನೋಡೋಣವೇ?

ವಕೀಲರು: ಬೇಡ, ಮೂರು ವರ್ಷಕ್ಕೆ ಮಾತು ಕೊಡಿ. ಒಂದು ಕೇಸ್ ಮುಗಿಯುವಷ್ಟರಲ್ಲಿ ವರ್ಷ ದಾಟಿರುತ್ತದೆ. ನಡುವೆ ನಿಲ್ಲಿಸಿದರೆ ನಂಬಿದವರ ಕೈಬಿಟ್ಟ ಹಾಗೆ. ಎಷ್ಟು ಜನ ಬಿಡುಗಡೆ ಆದರು ಅಂತ ಮಾತ್ರ ಎಣಿಸಬೇಡಿ, ಎಷ್ಟು ಜನ ತಾರೀಕು ತಪ್ಪಿಸಲಿಲ್ಲ ಅಂತಲೂ ನೋಡಿ. ಯಾವುದಕ್ಕೂ ಮೊದಲು ಕಾರವಾರಕ್ಕೆ ಬಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳನ್ನು ಕಾಣಿ. ಅವರ ಸಹಕಾರ ಇಲ್ಲದೆ ನಿಮ್ಮವರು ಜೈಲಿಗೆ ಹೋಗಿಬರುವುದು ಕಷ್ಟ. ಬರುವ ದಿನ ಹೇಳಿ, ನಾನೂ ಜೊತೆಗೆ ಬರುತ್ತೇನೆ.